ಮಾವನವರು ಉಸಿರು ನೋಡಲು ಕುಳಿತದ್ದು

ಇಳಕಲ್ಲಿನ ಮನೆಗೆ ನಾನು ಸೊಸೆಯಾಗಿ ಬಂದ ವರ್ಷವೇ, ನೇಕಾರರಾದ ನಮ್ಮ ಮಾವನವರಿಗೆ ಧ್ಯಾನದ ಹುಚ್ಚು ಹಿಡಿಯಿತು. ಧ್ಯಾನದಿಂದ ಸಿಟ್ಟು ಇಳಿಯುತ್ತದೆಂದು ಯಾರೋ ಹೇಳಿದ್ದರು. ಅವರ ಸಿಟ್ಟಿಗೆ ಮನೆಯ ಬೆಕ್ಕೂ ಹೆದರುತ್ತಿದ್ದುದರಿಂದ ನಮಗೆಲ್ಲ ಒಳಗೊಳಗೇ ಸಂತೋಷ. ಬಾದಾಮಿಯಿಂದ ಚಕ್ಕಡಿಯಲ್ಲಿ ಬಂದ ವೃದ್ಧ ಸ್ವಾಮಿಗಳು ಅವರನ್ನು ಮಗ್ಗದ ಪಕ್ಕದಲ್ಲೇ ಕೂರಿಸಿ ಪಾಠ ಹೇಳಿದರು.

"ಕಣ್ಣು ಮುಚ್ಚರಿ. ಉಸಿರು ಒಳಗ ಹೋಗೂದು, ಹೊರಗ ಬರೂದು, ಅಷ್ಟ ನೋಡ್ಕೋತ ಕೂಡ್ರಿ. ಮನಸ್ಸು ಎಲ್ಲೆರ ಹೋದ್ರ ಎಳಿ ಹರೀತು ಅಂತ ತಿಳೀರಿ. ಮತ್ತ ಜೋಡಸರಿ."

ನೇಕಾರನಿಗೆ ಇದಕ್ಕಿಂತ ಸುಲಭದ ಪಾಠವುಂಟೇ? ಎಡವಟ್ಟಾದದ್ದು ಅಲ್ಲೇ. ಹರಿದ ರೇಷ್ಮೆ ಎಳೆಯನ್ನು ಜೋಡಿಸುವಾಗ ಅದು ಅಲುಗಬಾರದೆಂದು ಮಾವನವರು ಉಸಿರು ಬಿಗಿಹಿಡಿಯುತ್ತಿದ್ದರು. ಧ್ಯಾನದಲ್ಲೂ ಅದೇ ರೂಢಿ ನಡೆಸಿದರು. ಅವರ ಮನಸ್ಸೋ ಗಳಿಗೆಗೊಮ್ಮೆ ಹರಿಯುವಂಥದ್ದು! ಮುಖ ಕೆಂಪೇರಿತು, ಕೊರಳಿನ ನರಗಳು ಉಬ್ಬಿದವು.

ನೂಲು ಸುತ್ತುತ್ತಿದ್ದ ಅತ್ತೆಯವರು ರಾಟೆ ಬಿಟ್ಟು ಓಡಿಬಂದು ಎದುರಿಗೇ ಕುಳಿತರು. "ಉಸಿರು ಬಿಡ್ರಿ! ಹಾಂ, ಈಗ ತಗೋರಿ!" ಎನ್ನುತ್ತ ಗಂಡನ ಮೂಗಿನ ಮೇಲೆ ನೆಟ್ಟ ಕಣ್ಣನ್ನು ತೆಗೆಯಲೇ ಇಲ್ಲ. ಒಲೆಯ ಮೇಲೆ ಹಾಲು ಉಕ್ಕಿತು. ನಾನು ಕೂಗಿದೆ. ಅವರ ಕಿವಿಗೆ ಬೀಳಲಿಲ್ಲ.

ಕೊನೆಗೆ ಮಾವನವರು ಬೆವರೊರೆಸಿಕೊಂಡು ಕಣ್ಣು ತೆರೆದರು. "ಧ್ಯಾನ ಆತೇನ್ರಿ, ಅಜ್ಜಾರ?"

ಸ್ವಾಮಿಗಳು ಅತ್ತೆಯವರ ಕಡೆ ನೋಡಿ ನಕ್ಕರು. "ಈ ತಾಯಿಗೆ ಆತು ನೋಡ್ರಿ."