ಕಾಜಕ್ಕನ ಪಕ್ಕದ ಊರು

ನಮ್ಮ ಟೈಲರಿಂಗ್ ಅಂಗಡಿಯಲ್ಲಿ ಕಾಜಾ ಹಾಕುವ ಹೆಂಗಸಿಗೆ ಕಾಜಕ್ಕ ಎಂದು ಹೆಸರಿಟ್ಟವನು ನಾನೇ. ನಾನು ಇಲ್ಲಿನ ಕಟಿಂಗ್ ಮಾಸ್ಟರ್, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನು, ಆದರೂ ಬಾಯಿಗೆ ಅಕ್ಕ ಎಂದೇ ಬರುತ್ತದೆ. ಅವಳ ಗತ್ತು ಹಾಗಿದೆ. ಗುಂಡಿಯ ತೂತು ಹೊಲಿಯಲು ಎಲ್ಲ ಕಡೆ ಮೆಷಿನ್ ಬಂದಿದೆ. ಇವಳು ಮಾತ್ರ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಕೈಯಲ್ಲೇ ಹೊಲಿಯುತ್ತಾಳೆ. ಅವಸರ ಮಾಡಿದರೆ ಅಂಗಿಯನ್ನು ನನ್ನ ಮೇಜಿನ ಮೇಲೆ ಎಸೆದು, "ಹಾಗಾದ್ರೆ ನೀವೇ ಹಾಕ್ಕೊಳ್ಳಿ" ಎನ್ನುತ್ತಾಳೆ. ಮಾಲೀಕನೂ ಅವಳ ತಂಟೆಗೆ ಹೋಗುವುದಿಲ್ಲ.

ಅಂಥವಳು ಫೋನಿನಲ್ಲಿ ಊರು ಕಟ್ಟುವ ಆಟ ಆಡುತ್ತಾಳೆ ಎಂದಾಗ ನಾನು ನಂಬಲಿಲ್ಲ. ಕಲಿಸಿದವನು ಅವಳ ತಮ್ಮ. ಅವನಿಗೆ ಸರಕಿನ ಹಡಗಿನಲ್ಲಿ ಕೆಲಸ, ತಿಂಗಳುಗಟ್ಟಲೆ ನೀರಿನ ಮೇಲೆ. ಮಾತಾಡುವಷ್ಟು ಸಿಗ್ನಲ್ ಸಾಲದಿದ್ದರೂ ಸಿಕ್ಕಷ್ಟು ಹೊತ್ತು ಆಟವಾದರೂ ಆಡೋಣ ಎಂದು ಅಕ್ಕನ ಫೋನಿಗೆ ಹಾಕಿಕೊಟ್ಟಿದ್ದ. ಆಟ ಇಷ್ಟೇ: ಪ್ರತಿಯೊಬ್ಬರಿಗೂ ಒಂದು ಊರು. ಕಣಜ, ಗಿರಣಿ, ಕಾವಲುಗೋಪುರ ಎಂದು ಒಂದೊಂದಾಗಿ ಕಟ್ಟಬೇಕು. ಕಟ್ಟಡಗಳು ದಿನಾ ಒಂದಿಷ್ಟು ಬಹುಮಾನ ಕೊಡುತ್ತವೆ, ಅದನ್ನು ಕೂಡಿಟ್ಟು ಸೈನ್ಯ ಸಾಕಬೇಕು. ಅಕ್ಕಪಕ್ಕದ ಊರಿನವರೆಲ್ಲ ಸೇರಿ ಒಂದು ದಂಡು. ಕಾಜಕ್ಕನ ಊರಿಗೂ ತಮ್ಮನ ಊರಿಗೂ ನಡುವೆ ಒಂದು ಕಾಲುದಾರಿ ಮಾತ್ರ. ಆಮೇಲೆ ನನ್ನನ್ನೂ ದಂಡಿಗೆ ಎಳೆದಳು. ದಂಡಿನ ಮುಖ್ಯಸ್ಥ ಒಬ್ಬ ಬಸ್ ಡ್ರೈವರ್, ಪ್ಯಾಂಟಿನ ಹೊಲಿಗೆ ಬಿಟ್ಟಾಗೆಲ್ಲ ನಮ್ಮ ಅಂಗಡಿಗೇ ಬರುವವನು. ಅವನನ್ನು ನಾವು ಸೇನಾಪತಿ ಎನ್ನುತ್ತೇವೆ. ದಿನವಿಡೀ ಹಾರ್ನ್ ಹೊಡೆದು ಹೊಡೆದು ಸೈನ್ಯ ನಡೆಸೋದು ಕಲಿತಿದ್ದಾನೆ ಎಂದು ಅವನ ಕಾಲೆಳೆಯುವುದೂ ಉಂಟು.

ಕಳೆದ ವರ್ಷ ತಮ್ಮ ಯಾವುದೋ ಬಂದರಿನಲ್ಲಿ ಹಡಗಿಳಿದು ಪೇಟೆಗೆ ಹೋದವನು ಮತ್ತೆ ಹಡಗು ಹತ್ತಲಿಲ್ಲ. ಹಡಗಿನವರು ಹೇಳಿದ್ದು ಅಷ್ಟೇ. ಹೆಣವೂ ಇಲ್ಲ, ಸುಳಿವೂ ಇಲ್ಲ. ಪೊಲೀಸರು ಕೈಚೆಲ್ಲಿದರು. ಕಾಜಕ್ಕ ಮಾತ್ರ "ಬರ್ತಾನೆ" ಎಂದಳು. ಅವನ ಹಾಸಿಗೆಯ ಹೊದಿಕೆಯನ್ನು ಒಗೆದು ಒಣಗಿಸಿ ಮತ್ತೆ ಹಾಸುತ್ತಿದ್ದಳು. ಅವನು ಬದುಕಿದ್ದಾನೋ ಇಲ್ಲವೋ ಎನ್ನುವುದೊಂದೇ ಅವಳಿಗೆ ಬೇಕಾಗಿದ್ದ ಉತ್ತರ, ಮಿಕ್ಕಿದ್ದೆಲ್ಲ ಬರೀ ದಿನ ನೂಕುವುದು. ಆಟದಲ್ಲಿ ಅವನ ಊರು ಪಾಳು ಬಿದ್ದಿತ್ತು. ಆಡದವರ ಊರಿನಲ್ಲಿ ದೀಪ ಆರುತ್ತದೆ, ಬೀದಿಯಲ್ಲಿ ಹುಲ್ಲು ಬೆಳೆಯುತ್ತದೆ. ಅವಳು ಊಟದ ಬಿಡುವಿನಲ್ಲಿ ಆ ಹುಲ್ಲನ್ನೇ ನೋಡುತ್ತಾ ಕೂತಿರುತ್ತಿದ್ದಳು. ಏನಾದರೂ ಹೇಳೋಣ ಎನಿಸುತ್ತಿತ್ತು, ಆದರೆ ನನಗೆ ಸಮಾಧಾನದ ಮಾತು ಬರುವುದಿಲ್ಲ. ಬಟ್ಟೆ ಕತ್ತರಿಸಲು ಬರುತ್ತದೆ, ಕತ್ತರಿಸುತ್ತಿದ್ದೆ.

ಹೀಗಿರುವಾಗ ಆಟದ ಕಂಪನಿಯವರು ಕಟ್ಟಡಗಳ ಬಹುಮಾನ ಹೆಚ್ಚಿಸಿದರು. ಮೊದಲು ಗಿರಣಿ ಕೊಡುತ್ತಿದ್ದುದು ಒಂದು ಹಿಡಿ; ಈಗ ಪ್ರತಿ ಬಾಗಿಲ ಮುಂದೆ ಒಂದೊಂದು ಮೂಟೆ. ಮೂಟೆಯನ್ನು ಬೆರಳಿನಿಂದ ಮುಟ್ಟಿದರೆ ಅದು ಒಳಗೆ ಹೋಗಿ, ಆ ಬಾಗಿಲಿನ ದೀಪ ಹತ್ತುತ್ತದೆ. ಆಟದೊಳಗೇ ದಂಡಿನವರು ಬರೆದುಕೊಳ್ಳುವ ಹರಟೆಯಲ್ಲಿ ಅವತ್ತು ಸಂತೆಯೇ ನೆರೆಯಿತು. ಕೆಲವರು ಕಂಪನಿಯನ್ನು ಹೊಗಳಿ ಅಟ್ಟಕ್ಕೇರಿಸಿದರು. ವರ್ಷಗಟ್ಟಲೆ ಹಿಡಿ ಹಿಡಿಯಾಗಿ ಕೂಡಿಸಿ ಊರು ಕಟ್ಟಿದ ಹಳಬರ ಹೊಟ್ಟೆ ಉರಿಯಿತು. "ನಾವು ಬೆವರು ಸುರಿಸಿದ್ದು ದಂಡ, ನಿನ್ನೆ ಮೊನ್ನೆ ಬಂದೋರಿಗೆ ಸುಗ್ಗಿ" ಎಂದು ಬರೆದರು. ಇನ್ನು ಕೆಲವರಿಗೆ ಮೂಟೆಯೂ ಸಾಲದು, ಗಾಡಿಗಟ್ಟಲೆ ಬೇಕು. ನಿಮಗೆಲ್ಲ ಎಷ್ಟು ಕೊಟ್ಟರೂ ಅಷ್ಟೇ ಎಂದು ನಾನು ಅವರಿಗೆ ಬೈದು ಬರೆದೆ. ಬರೆದು, ನನ್ನ ಮೂಟೆಗಳನ್ನೆಲ್ಲ ಬಾಚಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಕಾಜಕ್ಕ ಅಂಗಡಿಯ ಮೆಟ್ಟಿಲನ್ನು ಓಡಿಕೊಂಡೇ ಹತ್ತಿ ಬಂದಳು. ಏದುಸಿರು ಬಿಡುತ್ತಾ ಫೋನನ್ನು ನನ್ನ ಮೂಗಿಗೆ ಹಿಡಿದಳು.

"ನೋಡಿ ಮಾಸ್ಟ್ರೇ. ತಮ್ಮ ಬಂದಿದಾನೆ."

ತಮ್ಮನ ಊರಿನಲ್ಲಿ ದೀಪಗಳು ಹತ್ತಿದ್ದವು. ದೀಪ ಹತ್ತಿದ ಬಾಗಿಲುಗಳ ಮುಂದೆ ಮೂಟೆಗಳು ಕಾಣಲಿಲ್ಲ, ಯಾರೋ ಒಳಗೆ ತೆಗೆದುಕೊಂಡಿದ್ದರು. ಬೀದಿಯ ಹುಲ್ಲು ಮಾತ್ರ ಮೊಣಕಾಲೆತ್ತರ ಹಾಗೇ ನಿಂತಿತ್ತು. ಊರಿನ ಯಜಮಾನ ಆಟಕ್ಕೆ ಬಂದರೆ ಹುಲ್ಲು ತಾನಾಗಿ ಹೋಗಬೇಕು, ಅದು ಹೋಗಿರಲಿಲ್ಲ. ನನ್ನ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ಆದರೆ ಅವಳ ಮುಖ ನೋಡಿ ಹುಲ್ಲಿನ ವಿಷಯ ಎತ್ತಲಿಲ್ಲ.

"ಏನಾದ್ರೂ ಹೇಳಿದ್ನಾ?" ಎಂದೆ.

"ಊಟ ಮಾಡಿದ್ಯೇನೋ ಅಂತ ಬರೆದೆ. ಉತ್ತರ ಬಂದಿಲ್ಲ. ಅವನಿಗೆ ಸಿಗ್ನಲ್ ಎಲ್ಲಿ ಸಿಗುತ್ತೆ, ಪಾಪ."

ಆ ದಿನ ಅವಳು ಯಾರ ಮೇಲೂ ರೇಗಲಿಲ್ಲ. ಅವಳು ನಗುತ್ತಾ ಕೆಲಸ ಮಾಡುವುದನ್ನು ನೋಡಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಮಧ್ಯಾಹ್ನ ಸೇನಾಪತಿ ಬಂದ. ಹೊಲಿಸಲು ಕೈಯಲ್ಲಿ ಏನೂ ಇರಲಿಲ್ಲ. ಬಾಗಿಲ ಬಳಿಯೇ ನಿಂತು ಕಾಜಕ್ಕನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ. ಅವನ ಹೆಂಡತಿಯೂ ನಮ್ಮ ದಂಡಿನಲ್ಲಿದ್ದವಳು, ತೀರಿಕೊಂಡು ಬಹಳ ಕಾಲವಾಗಿತ್ತು. ಅವಳ ಊರನ್ನು ತೆಗೆದುಹಾಕಲು ಮನಸ್ಸು ಬಾರದೆ ಹಾಗೇ ಬಿಟ್ಟಿದ್ದ.

"ನಮ್ಮವಳ ಊರಲ್ಲೂ ದೀಪ ಹತ್ತಿದೆ," ಎಂದ. "ಅವಳ ಫೋನು ಬೀರುವಿನಲ್ಲಿದೆ. ಬ್ಯಾಟರಿ ಸತ್ತು ಎಷ್ಟೋ ಕಾಲ ಆಯ್ತು. ಬೀರು ತೆಗೆದು ನೋಡಕ್ಕೆ ಧೈರ್ಯ ಬರ್ತಿಲ್ಲ."

ಅಂಗಡಿಯ ಮೂಲೆಯಲ್ಲಿ ಕೋಟು ತೊಡಿಸಿದ ಗೊಂಬೆಗಳಿವೆ, ಅವಕ್ಕೆ ತಲೆಯಿಲ್ಲ. ಇಷ್ಟು ವರ್ಷ ಅವುಗಳಿಗೆ ಬೆನ್ನು ಹಾಕಿಯೇ ಕೆಲಸ ಮಾಡಿದ್ದೇನೆ. ಅವತ್ತು ಅವು ಕಣ್ಣೆದುರಿಗೇ ಇರಲಿ ಎಂದು ಮೇಜಿನ ಈಚೆ ಬದಿಗೆ ಬಂದು ನಿಂತೆ.

ಸಂಜೆಯೊಳಗೆ ದಂಡಿನ ಹರಟೆಯೆಲ್ಲ ಇದೇ ಮಾತು. ಒಬ್ಬರ ಅಪ್ಪನ ಊರು, ಇನ್ನೊಬ್ಬರ ಗೆಳತಿಯ ಊರು. ಆಡುವುದನ್ನು ಬಿಟ್ಟವರು, ಲೋಕವನ್ನೇ ಬಿಟ್ಟವರು, ಎಲ್ಲರ ಬಾಗಿಲಲ್ಲೂ ದೀಪ. ಮೊದಮೊದಲು ಎಲ್ಲರೂ ಹೆದರಿದರು. ಆದರೆ ಹೆದರಿಕೆ ಎಷ್ಟು ಹೊತ್ತು ಇದ್ದೀತು? ಲೆಕ್ಕ ನೆನಪಾಯಿತು. "ಸತ್ತೋರಿಗೂ ಮೂಟೆ, ಆಡೋರಿಗೂ ಅದೇ ಮೂಟೆ ಅಂದ್ರೆ ನಾವ್ಯಾಕೆ ಕಣ್ಣು ಕೆಂಪಗೆ ಮಾಡ್ಕೊಂಡು ಆಡಬೇಕು?" ಎಂದು ಒಬ್ಬ ಬರೆದದ್ದೇ ತಡ, ಎಲ್ಲರೂ ಕಂಪನಿಗೆ ದೂರು ಕೊಡಲು ಮುಗಿಬಿದ್ದರು. ಕಂಪನಿಯಿಂದ ಉತ್ತರವೂ ಬಂತು. ಬಹುಮಾನ ಹೆಚ್ಚಿಸುವಾಗ ಒಂದು ದೋಷವಾಗಿದೆ, ಗೈರುಹಾಜರಾದವರ ಮೂಟೆಗಳು ತಾವಾಗಿಯೇ ಒಳಗೆ ಹೋಗುತ್ತಿವೆ, ನಾಳೆ ಮಧ್ಯಾಹ್ನ ಸರಿಪಡಿಸುತ್ತೇವೆ, ಕ್ಷಮಿಸಿ.

ನನಗೆ ಹೋದ ಜೀವ ಬಂದಂತಾಯಿತು. ಮಾರನೆಯ ಬೆಳಿಗ್ಗೆ ಕಾಜಕ್ಕನಿಗೆ ಮೆಲ್ಲಗೆ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಓದಿದೀನಿ. ಬೇರೆಯವರದ್ದು ದೋಷ ಇರಬಹುದು. ನನ್ನ ಪಕ್ಕದ ಊರಿಗೆ ಬಂದಿರೋದು ನನ್ನ ತಮ್ಮನೇ."

"ಅದು ಹೇಗೆ ಹೇಳ್ತೀಯ ಕಾಜಕ್ಕ?"

"ಎಲ್ಲ ಮೂಟೆ ತಗೊಂಡು ಗಿರಣಿದು ಮಾತ್ರ ಬಿಟ್ಟಿದಾನೆ. ಹಿಟ್ಟು ನಿಂದು ಅಕ್ಕ ಅಂತ ಮೊದಲಿಂದಲೂ ಬಿಡೋನು. ಅವನು ಬಿಟ್ಟಿದ್ದನ್ನ ಪಕ್ಕದ ಊರಿನವಳು ನಾನು ತಗೋಬಹುದು, ಆಟದಲ್ಲಿ ಹಾಗಿದೆ. ದೋಷಕ್ಕೆ ಅಕ್ಕ ಇರ್ತಾಳಾ ಮಾಸ್ಟ್ರೇ?"

ನಾನು ನನ್ನ ಫೋನಿನಲ್ಲಿ ಸೇನಾಪತಿಯ ಹೆಂಡತಿಯ ಊರು ತೆಗೆದು ನೋಡಿದೆ. ಅಲ್ಲಿ ಗಿರಣಿಯ ಮೂಟೆಯೂ ಹೋಗಿತ್ತು, ದೀಪವೂ ಹತ್ತಿತ್ತು. ತಮ್ಮನ ಊರಿನಲ್ಲಿ ಗಿರಣಿಯ ಬಾಗಿಲು ಒಂದೇ ಕತ್ತಲು. ನಾನು ಫೋನನ್ನು ಬೋರಲು ಹಾಕಿ ಇಟ್ಟೆ.

ಮಧ್ಯಾಹ್ನ ಸೇನಾಪತಿ ಮತ್ತೆ ಬಂದ. ಮೂವರೂ ಇಸ್ತ್ರಿ ಮೇಜಿನ ಸುತ್ತ ನಿಂತು ಕಾಜಕ್ಕನ ಫೋನಿನ ಮೇಲೆ ಬಗ್ಗಿದೆವು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಕೆಳಗೆ ಗಾಡಿಗಳ ಸದ್ದು. ಪರದೆ ಒಮ್ಮೆ ಮಿಟುಕಿತು. ಆಡದವರ ಊರುಗಳೆಲ್ಲ ಒಟ್ಟಿಗೆ ಕತ್ತಲಾದವು. ಹೆಂಡತಿಯ ಊರಿನ ದೀಪ ಆರಿದ್ದನ್ನು ನೋಡಿ ಸೇನಾಪತಿ, ಅಷ್ಟು ಹೆದರಿದ್ದವನು, "ಹೋಗಿ ಬಾ" ಎಂದು ತನ್ನೊಳಗೇ ಅಂದುಕೊಂಡಂತೆ ಮೆಲ್ಲಗೆ ಹೇಳಿದ. ತಮ್ಮನ ಊರೂ ಕತ್ತಲಾಗಿತ್ತು. ಕಾಜಕ್ಕ ರೆಪ್ಪೆ ಹೊಡೆಯಲಿಲ್ಲ. ಇನ್ನಾದರೂ ಇವಳಿಗೆ ಏನಾದರೂ ಹೇಳಬೇಕು ಎಂದು ನಾನು ಬಾಯಿ ತೆರೆದೆ.

ತಮ್ಮನ ಊರಿನ ಆ ತುದಿಯಲ್ಲಿ ಒಂದು ದೀಪ ಹತ್ತಿತು.

ಆಮೇಲೆ ಅದರ ಪಕ್ಕದ್ದು. ಸ್ವಲ್ಪ ಬಿಟ್ಟು ಮತ್ತೊಂದು. ಮೊದಲಿನ ಹಾಗೆ ಎಲ್ಲ ಒಟ್ಟಿಗೆ ಅಲ್ಲ. ಒಬ್ಬ ಮನುಷ್ಯ ಬೀದಿಯಲ್ಲಿ ನಡೆದು ಬರುತ್ತಾ ಮನೆಯಿಂದ ಮನೆಗೆ ದೀಪ ಹಚ್ಚುವಷ್ಟೇ ಹೊತ್ತು ಹಿಡಿಯುತ್ತಿತ್ತು. ಕಣಜ ಹತ್ತಿತು, ಗೋಪುರ ಹತ್ತಿತು. ಗಿರಣಿಯ ಮುಂದೆ ತಡವಾಯಿತು. ಅದನ್ನು ಬಿಟ್ಟು ಮುಂದಿನದು ಹತ್ತಿತು. ಹುಲ್ಲು ಅಲುಗಲಿಲ್ಲ. ಕೊನೆಗೆ ಕಾಲುದಾರಿಯ ಪಕ್ಕದ ಮನೆ, ಕಾಜಕ್ಕನ ಊರಬಾಗಿಲಿಗೆ ಎದುರಾದದ್ದು, ಹತ್ತಿತು. ಅಲ್ಲಿಗೆ ನಿಂತಿತು.

ಕಾಜಕ್ಕ ಬರೆದಳು: ತಮ್ಮಾ, ನಾನು ಇಲ್ಲೇ ಇದೀನಿ ಕಣೋ. ಅವನು ನೋಡಿದ್ದಾನೆ ಎಂಬ ಗುರುತು ಆ ಕ್ಷಣವೇ ಬಂತು. ನಾವು ಕಾದೆವು. ಉತ್ತರ ಬರಲಿಲ್ಲ. ಮತ್ತೆ ಬರೆದಳು: ಅಕ್ಕನ ಮೇಲೆ ಕೋಪಾನಾ? ಅದನ್ನೂ ನೋಡಿದ. ದೀಪ ಉರಿಯುತ್ತಲೇ ಇತ್ತು. ಅವಳು ನನ್ನ ಫೋನು ಕಿತ್ತುಕೊಂಡು ಅವನ ನಂಬರಿಗೆ ಕರೆ ಮಾಡಿದಳು. ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದು ಒಂದು ಹೆಣ್ಣು ದನಿ ಹೇಳಿತು.

"ಬದುಕಿದಾನೆ ಕಾಜಕ್ಕ," ಎಂದ ಸೇನಾಪತಿ. ಅವನ ದನಿಯಲ್ಲಿ ಅಸೂಯೆಯೂ ಇತ್ತು ಎನಿಸಿತು. "ದೋಷ ಸರಿ ಮಾಡಿದ ಮೇಲೂ ದೀಪ ಹತ್ತಿದೆ, ನೀವು ಬರೆದಿದ್ದನ್ನ ನೋಡ್ತಿದಾನೆ. ಇನ್ನೇನು ಬೇಕು ನಿಮಗೆ?"

ಅವಳು ಆ ಕೊನೆಯ ದೀಪವನ್ನೇ ನೋಡಿದಳು. ಆಮೇಲೆ ತಲೆಯಾಡಿಸಿದಳು.

"ಇಲ್ಲ ಅಣ್ಣ. ಬದುಕಿದ್ದಿದ್ರೆ ನನ್ನ ಬಾಗಿಲವರೆಗೂ ಬಂದು ಅಕ್ಕಾ ಅನ್ನದೆ ನಿಲ್ತಿರಲಿಲ್ಲ ಅವನು. ಬಾಯಿ ಇದ್ದಿದ್ರೆ ಕರೀತಿದ್ದ."

ಹಡಗಿನವರು ಹೇಳಿದಾಗ ಅಳದವಳು, ಪೊಲೀಸರು ಕೈಚೆಲ್ಲಿದಾಗಲೂ ಅಳದವಳು, ಆ ಹಾಡಹಗಲಲ್ಲಿ ನಮ್ಮಿಬ್ಬರ ಮುಂದೆ ಇಸ್ತ್ರಿ ಮೇಜಿಗೆ ಹಣೆಯಿಟ್ಟು ತಮ್ಮನಿಗಾಗಿ ಅತ್ತಳು.