ನಕ್ಷೆಯಲ್ಲಿಲ್ಲದ ಹಿತ್ತಲು

ನಿಗಡಿಯ ಆ ಎರಡನೇ ಮಹಡಿಯ ಮನೆಯಲ್ಲಿ ಬೆಳಕು ಹರಿಯುವ ಮೊದಲು ಸಾವಂತ್ರವ್ವನ ಕೆಲಸಗಳು ಇವು: ನಳದ ಸದ್ದಿಗೆ ಎದ್ದು ಪೀಪಾಯಿ ತುಂಬಿಸುವುದು. ಹಾಲು ಕಾಸುವುದು. ನೆನೆದ ಮಡಕಿ ಕಾಳು ಬಸಿದು ಬಟ್ಟೆಯಲ್ಲಿ ಕಟ್ಟುವುದು. ದೇವರ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು. ಅತ್ತೆ ಗಂಗೂಬಾಯಿಯ ಮೊಣಕಾಲಿಗೆ ಎಣ್ಣೆ ನೀವುವುದು. ಗಂಡ ಈರಣ್ಣನ ಡಬ್ಬಿಗೆ ರೊಟ್ಟಿ ಬಡಿಯುವುದು. ಇಷ್ಟಾದ ಮೇಲೆ, ಅವನು ಏಳುವ ಮೊದಲು, ಕಟ್ಟೆಯ ಮೇಲಿನ ಹಿಟ್ಟು ಒರೆಸಿ ಅಲ್ಲಿ ಹಳೆಯ ನಕ್ಷೆಯೊಂದನ್ನು ಹರಡಿಕೊಂಡು ಚಹ ಕುಡಿಯುವುದು.

ಕೊನೆಯದೊಂದೇ ಅವಳ ಸ್ವಂತದ್ದು.

ಅವಳು ಭೂಮಾಪನ ಕಚೇರಿಯಲ್ಲಿ ಟ್ರೇಸರ್ ಆಗಿದ್ದವಳು. ಮಾಸಿದ ಊರನಕ್ಷೆಗಳ ಮೇಲೆ ತೆಳು ಹಾಳೆ ಹಾಸಿ, ಬಾವಿ, ಗುಡಿ, ಬಂಡಿದಾರಿಗಳ ಗೆರೆಗಳನ್ನು ಮಸಿಯಲ್ಲಿ ಮತ್ತೆ ಎಳೆಯುವುದು ನೌಕರಿ. ಹೋದ ವರ್ಷ ನಿವೃತ್ತಿಯಾಯಿತು. ಕಚೇರಿಯಿಂದ ಮಾತ್ರ; ಒಲೆಗೆ ಆ ನಿಯಮ ಗೊತ್ತಿರಲಿಲ್ಲ.

ನಗರದ ಇನ್ನೊಂದು ತುದಿಯ ಕೊಂಢವಾದಲ್ಲಿ ಈರಣ್ಣನ ಹಾರ್ಡ್‌ವೇರ್ ಅಂಗಡಿ. ನೆಲದಲ್ಲಿ ಹೂತ ಪೈಪು ಹುಡುಕಲೆಂದು ಅವನು ತಂದಿಟ್ಟ ಲೋಹಶೋಧಕ ಯಂತ್ರ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಒರೆಸಿ ಕೈಗೆತ್ತಿಕೊಂಡವಳು ಸಾವಂತ್ರವ್ವ. ಹಳೆಯ ನಕ್ಷೆಯಲ್ಲಿ ಸಂತೆಯ ಬಯಲು ಇದ್ದಲ್ಲಿ, ಬಂಡಿಗಳು ನಿಲ್ಲುತ್ತಿದ್ದಲ್ಲಿ, ಈಗಿನ ಹೊಲದವರನ್ನು ಕೇಳಿಕೊಂಡು ಭಾನುವಾರ ಇಳಿಯುತ್ತಿದ್ದಳು. ಎತ್ತಿನ ಗೆಜ್ಜೆ, ಲಾಳ, ಬೀಗದ ಕೈ ಸಿಗುತ್ತಿದ್ದವು. ಒಮ್ಮೆ ಹಳೆಯ ನಾಣ್ಯ ಸಿಕ್ಕಾಗ ತಹಶೀಲ್ದಾರರ ಕಚೇರಿಗೆ ಒಪ್ಪಿಸಿ ಬಂದಳು.

"ಮಂದಿ ಹೆಂಡ್ರು ಗಂಡನ ಮಾತಿಗೆ ಕಿವಿ ಕೊಡತಾರ. ನನ್ನ ಹೆಂಡ್ತಿ ಮಣ್ಣಿಗೆ ಕಿವಿ ಕೊಡತಾಳ," ಎಂದು ಈರಣ್ಣ ಅಂಗಡಿಯಲ್ಲಿ ಹೇಳಿಕೊಂಡು ನಗುತ್ತಿದ್ದ.

"ಮಣ್ಣು ಕೇಳಿದ್ದಕ್ಕ ಉತ್ತರ ಕೊಡತದರಿ," ಎನ್ನುತ್ತಿದ್ದಳು ಅವಳು.

ಆದರೆ ಅವಳು ನಿಜವಾಗಿ ಹುಡುಕಬೇಕೆಂದಿದ್ದದ್ದು ಒಂದೇ ಒಂದು ವಸ್ತು.

ಈರಣ್ಣನ ಅಜ್ಜ ಅಥಣಿ ಕಡೆಯಿಂದ ಬಂದು ಭೋರ್ ಆಚೆಯ ಹಳ್ಳಿಯೊಂದರಲ್ಲಿ ಕಿರಾಣಿ ಅಂಗಡಿ ಇಟ್ಟವನು; ಅಂಗಡಿಯ ಹಿಂದೆಯೇ ಮನೆ. ಗಂಗೂಬಾಯಿ ಸೊಸೆಯಾಗಿ ಅಲ್ಲಿಗೆ ಬಂದದ್ದು ಹದಿನಾರರ ವಯಸ್ಸಿಗೆ. ಮದುವೆಯಲ್ಲಿ ಗಂಡನ ಮನೆಯವರು ಅವಳ ಕೈಗೆ ಜೋಡಿ ಪಾಟ್ಲಿ ಬಳೆ ತೊಡಿಸಿದ್ದರು. ವರ್ಷ ತುಂಬುವುದರೊಳಗೆ ಒಂದು ಪಾಟ್ಲಿ ಕಳೆಯಿತು. ಬಟ್ಟೆ ಒಗೆಯುವಾಗ ಹೊಳೆಗೆ ಬಿತ್ತು ಎಂದಳು ಹುಡುಗಿ. ಅಥಣಿಯ ತವರಿಗೆ ಸಾಗಿಸಿದ್ದಾಳೆ ಎಂದರು ಮನೆಯವರು. ಉಳಿದ ಇನ್ನೊಂದನ್ನು ಅಂದೇ ಬಿಚ್ಚಿಸಿಕೊಂಡರು. ಆಮೇಲೆ ಅದನ್ನೂ ಯಾರೂ ಕಾಣಲಿಲ್ಲ. ಮುಂದೆ ಆ ಊರೇ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಮಾತು ಮಾತ್ರ ಮುಳುಗಲಿಲ್ಲ. ಗಂಗೂಬಾಯಿಯ ನಾದಿನಿ ಚನ್ನವ್ವ ಇಂದಿಗೂ ಯಾರ ಕೈಯಲ್ಲಿ ಬಂಗಾರ ಕಂಡರೂ, "ನಮ್ಮ ಪಾಟ್ಲಿ ಅಥಣಿಯೊಳಗ ಯಾರ ಕೈಯಾಗ ಅದನೋ!" ಎಂದು ನಿಟ್ಟುಸಿರು ಬಿಡುತ್ತಾಳೆ. ಆಗೆಲ್ಲ ಗಂಗೂಬಾಯಿ ಎದ್ದು ಅಡುಗೆಮನೆಗೆ ಹೋಗಿ, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾಳೆ.

ಈ ಬೇಸಿಗೆ ಜಲಾಶಯದ ನೀರು ಇಳಿದು ಮುಳುಗಿದ ಊರಿನ ಗೋಡೆಗಳು ಹೊರಬಿದ್ದವು. ಸಾವಂತ್ರವ್ವ ಊರನಕ್ಷೆಯ ಪ್ರತಿ ತೆಗೆಸಿದಳು, ನೀರಾವರಿಯವರ ಒಪ್ಪಿಗೆ ಪಡೆದಳು. ಈರಣ್ಣನ ಜೊತೆ ಹೋಗಿ, ಮಾರುತಿ ಗುಡಿಯ ಕಟ್ಟೆಯನ್ನೂ ಕಲ್ಲುಬಾವಿಯನ್ನೂ ಹಿಡಿದು ನಕ್ಷೆ ಹೊಂದಿಸಿ, ಒಗೆಯುವ ಕಲ್ಲುಗಳಿದ್ದ ಜಾಗವನ್ನು ಕಂಡುಹಿಡಿದಳು. ಸಂಜೆಯ ತನಕ ಹುಡುಕಿದರೂ ಸಿಕ್ಕದ್ದು ಮೊಳೆ, ಒಂದು ಮುರಿದ ಸೌಟು.

ಮರುದಿನ ನಸುಕಿನಲ್ಲಿ ಎಣ್ಣೆ ನೀವುತ್ತ ಅತ್ತೆಯ ಮುಖ ನೋಡಲಾಗದೆ ಕುಳಿತಳು.

"ಹೊಳ್ಯಾಗ ಬಿದ್ದದ್ದು ಹೊಳಿಗೆ ಹೋತು, ಬಿಡ ಯವ್ವಾ," ಎಂದಳು ಗಂಗೂಬಾಯಿ.

"ಅತ್ತಿ, ಅವತ್ತ ಎದ್ದಕೂಡ್ಲೆ ಏನೇನ್ ಮಾಡಿದ್ರಿ? ಸಾಲಾಗಿ ಹೇಳ್ರಿ."

ಮುದುಕಿ ಸೊಸೆಯನ್ನು ವಿಚಿತ್ರವಾಗಿ ನೋಡಿದಳು. "ಪಾಟ್ಲಿ ಎಲ್ಲಿ ಅಂತ ಎಲ್ಲಾರೂ ಕೇಳಿದ್ರು. ನಾ ಏನ್ ಮಾಡಿದೆ ಅಂತ ಕೇಳಿದಾಕಿ ನೀನ ಮೊದಲ. ಏಳೂದು, ಬೂದಿ ತೆಗಿಯೂದು, ಜ್ವಾಳ ಬೀಸೂದು. ಸಗಣಿಗೆ ಹೊಟ್ಟು ಕಲಸಿ ಹಿತ್ತಲ ಗ್ವಾಡಿಗೆ ಕುಳ್ಳು ತಟ್ಟೂದು. ಆಮ್ಯಾಲ ಅರಿವಿ ಗಂಟು ಹೊತ್ತು ಹೊಳಿಗೆ."

"ಕುಳ್ಳು ತಟ್ಟುವಾಗ ಪಾಟ್ಲಿ ಕೈಯಾಗ ಇತ್ತೇನ್ರಿ?"

"ಮ್ಯಾಲ ಸರಿಸಿದ್ದೆ. ಭಾಳ ಸಡಲ ಇತ್ತು, ನಮ್ಮ ಅತ್ತಿ ಅಳತಿದು. ಮೊಣಕೈತನಕ ಸಗಣಿ ಮೆತ್ತಿದಾಗ ಏನ್ ಕಾಣತದ? ಹೊಳ್ಯಾಗ ಕೈ ತೊಳದಾಗನ..."

ಗಂಗೂಬಾಯಿ ತನ್ನ ಬರಿಗೈಯನ್ನು ಮೊಣಕೈತನಕ ಸವರಿಕೊಂಡಳು. ಹೊಳೆಗೆ ಹೋಗುವ ಮೊದಲೇ ಅದು ಸಗಣಿಯ ಮುದ್ದೆಯೊಂದಿಗೆ ಗೋಡೆಯ ಬುಡಕ್ಕೆ ಜಾರಿರಬೇಕು.

"ಯಾವ ಕಡಿ ಗ್ವಾಡಿರಿ?"

"ಸೂರ್ಯಾ ಹುಟ್ಟೂ ಕಡಿ. ಕುಳ್ಳು ಒಣಗಬೇಕಲ್ಲ, ಹುಚ್ಚಿ!"

ಸಾವಂತ್ರವ್ವ ನಕ್ಷೆ ತೆರೆದಳು. ಗುಡಿ ಇತ್ತು, ಚಾವಡಿ ಇತ್ತು, ಕಿರಾಣಿ ಅಂಗಡಿ ಒಂದು ಚೌಕವಾಗಿತ್ತು. ಹಿತ್ತಲು ಇರಲಿಲ್ಲ. ಹೆಂಗಸರು ದಿನಾ ತುಳಿದ ನೆಲ ಅಳೆಯುವವರ ಲೆಕ್ಕಕ್ಕೆ ಬಂದಿರಲಿಲ್ಲ. ಇಷ್ಟು ವರ್ಷ ಇಂಥ ನಕ್ಷೆಗಳನ್ನೇ ತಿದ್ದಿದ ತಾನೂ ಅದನ್ನು ಹುಡುಕಿರಲಿಲ್ಲವಲ್ಲ ಎಂದು ಅವಳಿಗೆ ನಗು ಬಂತು. ಪೆನ್ಸಿಲು ತೆಗೆದು ಚೌಕದ ಮೂಡಲಿಗೆ ಒಂದು ಗೋಡೆ ಎಳೆದಳು.

ಮುಂದಿನ ಭಾನುವಾರ ಈರಣ್ಣ ಗುಡಿಯ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿ ಕುಳಿತ. ಸಾವಂತ್ರವ್ವ ಕುಸಿದ ಗೋಡೆಯ ಬುಡದಲ್ಲಿ ಯಂತ್ರ ಆಡಿಸಿದಳು. ಅದು ಕೂಗಿತು. ಕುರ್ಪಿಯಿಂದ ಒಣಗಿ ಬಿರಿದ ಕೆಸರು ಕೆದರಿದಳು. ಮೊಣಕೈ ಆಳದಲ್ಲಿ ಪಾಟ್ಲಿ ಕೈಗೆ ಹತ್ತಿತು.

ಹಸಿರುಗಟ್ಟಿತ್ತು.

ಬಂಗಾರಕ್ಕೆ ಕಿಲುಬು ಹಿಡಿಯುವುದಿಲ್ಲ. ಅವಳು ಉಗುರಿನಿಂದ ಕೆರೆದಳು. ಕೆತ್ತನೆಯ ಸಂದಿಯಲ್ಲೊಂದಿಷ್ಟು ಬಂಗಾರದ ನೀರು ಉಳಿದಿತ್ತು, ಒಳಗೆಲ್ಲ ಹಿತ್ತಾಳೆ. ಇನ್ನೊಂದನ್ನು ಅಂದೇ ಬಿಚ್ಚಿಸಿಕೊಂಡು ಕಣ್ಮರೆ ಮಾಡಿದ್ದು ಏಕೆಂದು ಆಗ ತಿಳಿಯಿತು.

"ಸಿಕ್ತೇನು?" ಈರಣ್ಣ ದೂರದಿಂದ ಕೂಗಿದ.

ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿದಳು. "ಏನೋ ಸಿಕ್ಕದರಿ. ಮೊದಲ ಅತ್ತಿಯವರು ನೋಡಲಿ. ಅವರದು."

ಅಷ್ಟು ಸಾಕಾಯಿತು ಅವನಿಗೆ. ಮಗುವಿನ ಹಾಗೆ ಹಿಗ್ಗಿ ಅಲ್ಲಿಂದಲೇ ಚನ್ನವ್ವನಿಗೆ ಫೋನು ಹಚ್ಚಿದ. "ಅತ್ತಿ, ನಮ್ಮವ್ವನ ಪಾಟ್ಲಿ ಸಿಕ್ಕದ! ನಾಳಿ ಬಂದು ಕಣ್ಣಾರೆ ನೋಡ!" ತಾಯಿಯ ಪರವಾಗಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಸಾವಂತ್ರವ್ವ ಅಂದೇ ಕೇಳಿದ್ದು. ತಡೆಯಲು ಮನಸ್ಸಾಗಲಿಲ್ಲ. ಮನೆ ಮುಟ್ಟುವಾಗ ಗಂಗೂಬಾಯಿ ಮಲಗಿಬಿಟ್ಟಿದ್ದಳು.

ಮರುದಿನ ನಳದ ನೀರು ಬಂತು. ಪೀಪಾಯಿ ತುಂಬಿತು, ಹಾಲು ಕಾಯಿತು. ತಂಬಿಗೆ ತಿಕ್ಕಲು ಹುಣಸೆಹಣ್ಣು ತೆಗೆದುಕೊಂಡ ಸಾವಂತ್ರವ್ವನ ಕೈ ಪಾಟ್ಲಿಯ ಬಳಿ ನಿಂತಿತು. ನಾಲ್ಕು ಸಲ ತಿಕ್ಕಿದರೆ ಸಾಕು, ಹಿತ್ತಾಳೆ ಬಂಗಾರದ ಹಾಗೆ ಹೊಳೆಯುತ್ತದೆ. ಅತ್ತೆಯ ಕಣ್ಣಿಗೆ ಪೊರೆ. ಚನ್ನವ್ವನ ಕಣ್ಣೂ ಅಷ್ಟಕ್ಕಷ್ಟೇ. ಕಳ್ಳಿ ಎಂಬ ಮಾತು ಇವತ್ತಿಗೇ ಮುಗಿಯುತ್ತದೆ. ತಿಕ್ಕದೆ ಕೊಟ್ಟರೂ ಆ ಮಾತು ಮುಗಿಯುತ್ತದೆ. ಆದರೆ ತಾನು ಅನ್ನಿಸಿಕೊಂಡದ್ದೆಲ್ಲ ಹಿತ್ತಾಳೆಗಾಗಿ ಎಂದು ಮುದುಕಿಗೆ ತಿಳಿಯುತ್ತದೆ. ಈ ವಯಸ್ಸಿನಲ್ಲಿ ಅದನ್ನೂ ಹೊರಿಸಬೇಕೆ?

ಒಳಗಿನಿಂದ ಕೆಮ್ಮು ಕೇಳಿಸಿತು. ಅತ್ತೆ ಎದ್ದಿದ್ದಾಳೆ, ಎಣ್ಣೆಗೆ ಕಾಯುತ್ತಿದ್ದಾಳೆ. ಅವಳಿಗೆ ಏನು ಬೇಕೆಂದು ಎಲ್ಲರೂ ತಾವೇ ತೀರ್ಮಾನಿಸುತ್ತ ಬಂದಿದ್ದರು. ಇವತ್ತು ತಾನೂ ಅದನ್ನೇ ಮಾಡಹೊರಟಿದ್ದಳು. ಚನ್ನವ್ವ ಬರುವ ಮೊದಲು ಇನ್ನೂ ಹೊತ್ತಿದೆ. ನಾದಿನಿಗೆ ಏನು ತೋರಿಸಬೇಕು, ಏನು ಹೇಳಬೇಕು ಎನ್ನುವುದನ್ನು ಗಂಗೂಬಾಯಿಯೇ ನಿರ್ಧರಿಸಲಿ.

ಸಾವಂತ್ರವ್ವ ಹುಣಸೆಹಣ್ಣನ್ನು ಸಾರಿನ ಪಾತ್ರೆಗೆ ಹಾಕಿದಳು. ಒಂದು ಕೈಯಲ್ಲಿ ಎಣ್ಣೆಬಟ್ಟಲು, ಇನ್ನೊಂದು ಕೈಯಲ್ಲಿ ಹಸಿರು ಪಾಟ್ಲಿ ಹಿಡಿದು, ಅತ್ತೆಯ ಕೋಣೆಯ ಬಾಗಿಲನ್ನು ಮೊಣಕೈಯಿಂದ ನೂಕಿದಳು.