ಪಾರ್ಲರ್ ಆಂಟಿಯ ಗುಲಾಬಿ ಕ್ರೀಮು

ಮುಚ್ಚಳದ ಒಳಗಡೆ ಉಗುರಿನಷ್ಟು ತಿಳಿಗುಲಾಬಿ ಕ್ರೀಮು ಅಂಟಿತ್ತು. ಡಬ್ಬಿಯ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಗುಲಾಬಿಗೆ ಕರ್ಪೂರ ಬೆರೆತ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಕೆನ್ನೆ ಉರಿದಂತಾಯಿತು. ಕಳೆದ ತಿಂಗಳು ಕುಣಿಗಲ್ಲಿನ ಚಿಕ್ಕಮ್ಮನ ಮನೆಯಲ್ಲಿ, ಅವರ ಮಗಳ ಕನ್ನಡಿಯ ಮುಂದೆ ನಿಂತಿದ್ದೆ.

ಅದು ಪಾರ್ಲರ್ ಆಂಟಿಯ ಕ್ರೀಮು.

ನಾನು ಪಿಯುಸಿ ಓದುವಾಗ ಗುಬ್ಬಿಯಲ್ಲಿ ನಮ್ಮ ಮನೆಯಿಂದ ನಾಲ್ಕನೆಯದು ಅವರ ಮನೆ. ಮುಂದಿನ ಕೋಣೆಯೇ ಪಾರ್ಲರ್. ನನಗೆ ಮುಖದ ತುಂಬ ಮೊಡವೆ. ಕಡಲೆಹಿಟ್ಟು ಹಚ್ಚಿದರೆ ತುರಿಕೆ, ಅರಿಶಿನಕ್ಕೆ ದದ್ದು, ಹೊಸ ಸೋಪಿಗೆ ಊತ. ಖಾಸಗಿ ಡಾಕ್ಟರಿಗೆ ತೋರಿಸುವಷ್ಟು ಅನುಕೂಲ ಮನೆಯಲ್ಲಿರಲಿಲ್ಲ. ನೆಂಟರು ಮುಖ ನೋಡದೆಯೇ ಮಾತಾಡುತ್ತಿದ್ದರು. ಆಂಟಿ ಮಾತ್ರ ಗದ್ದ ಹಿಡಿದೆತ್ತಿ, ಬೆಳಕಿಗೆ ತಿರುಗಿಸಿ ನೋಡಿದರು. ಮೂರು ಟ್ಯೂಬು ಹಿಂಡಿ, ಹೇರ್‌ಪಿನ್ನಿನಿಂದ ಕಲಸಿ ಡಬ್ಬಿಗೆ ತುಂಬಿದರು.

"ಏನೂ ಆಗಲ್ಲ ಕಣೇ ಪುಟ್ಟಿ, ನಂಗ್ ಬುಡು. ಹದಿನೈದೇ ದಿನ, ಆಮೇಲ್ ನೀನೇ ಬಂದ್ ಹೇಳ್ತೀಯ."

ಹೇಳಿದೆ. ಹತ್ತೇ ದಿನಕ್ಕೆ ಮುಖ ನುಣುಪಾಗಿತ್ತು. ಇಬ್ಬರು ಗೆಳತಿಯರನ್ನೂ ಕರೆದೊಯ್ದೆ... ಅದು ನನ್ನ ತಪ್ಪು. ಮೂರನೆಯ ತಿಂಗಳು ಚರ್ಮ ತೆಳುವಾಗಿ ಬಿಸಿಲಿಗೆ ಉರಿಯತೊಡಗಿತು. ಹಚ್ಚುವುದನ್ನು ನಿಲ್ಲಿಸಿದೆ, ವಾರದೊಳಗೆ ಕಣ್ಣಿನ ಕೆಳಗಿನವರೆಗೂ ಕೀವಿನ ಗುಳ್ಳೆಗಳು ಎದ್ದವು. ಕೇಳಲು ಹೋದಾಗ ಹುಬ್ಬು ಮಾಡಿಸಿಕೊಳ್ಳಲು ಮೂವರು ಕೂತಿದ್ದರು. ಆಂಟಿ ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದು, "ಒಳಗಿನ್ ರಕ್ತನೇ ಕೆಟ್ಟೋಗಿದ್ರೆ ನನ್ ಕ್ರೀಮ್ ಏನಮ್ಮಾ ಮಾಡುತ್ತೆ? ಮದ್ವೆಗಿದ್ವೆಗೆ ಮುಂಚೆ ರಕ್ತ ತೋರ್ಸ್ಕೋ" ಎಂದರು. ಮೂವರೂ ನಕ್ಕರು.

ಅಕ್ಕನ ಮದುವೆಯ ಆಲ್ಬಮ್ಮಿನಲ್ಲಿ ನಾನಿಲ್ಲ. ಎರಡೂ ದಿನ ಅಡುಗೆಯವರ ಜೊತೆ ಹಿಂದೆಯೇ ಇದ್ದೆ.

ತುಮಕೂರಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮುಖ ನೋಡಿದ ಕೂಡಲೇ, "ಸ್ಟೀರಾಯ್ಡ್ ಹಚ್ಚಿದೀಯಲ್ಲಮ್ಮಾ, ಯಾರು ಕೊಟ್ರು?" ಎಂದರು. ವಾಸನೆಯಿಲ್ಲದ ಒಂದು ಫೇಸ್‌ವಾಶ್, ಆಸ್ಪತ್ರೆಯಲ್ಲೇ ಕೊಟ್ಟ ಜೆಲ್, ಸಾದಾ ಮಾಯಿಶ್ಚರೈಸರ್. ಹೊಸದೇನೇ ಆದರೂ ಮೊದಲು ಮೊಣಕೈಯ ಒಳಮಗ್ಗುಲಿಗೆ ಒಂದು ವಾರ ಹಚ್ಚಿ ನೋಡುವುದು. ಅಷ್ಟೇ. ಸರಿಹೋಗಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷವೂ ಮುಖ ತೊಳೆಯುವಾಗೆಲ್ಲ ಆಂಟಿಗೆ ಏನು ಮಾಡಬೇಕೆಂದು ಯೋಚಿಸುತ್ತಿದ್ದೆ. ಅದೇ ಕ್ರೀಮನ್ನು ಅವರ ಮುಖಕ್ಕೇ ಉಜ್ಜಬೇಕು... ಅಷ್ಟರಲ್ಲಿ ಅವರು ಊರು ಬಿಟ್ಟಿದ್ದರು.

"ಇದನ್ನ ಎಲ್ಲಿಂದ ತಂದೆ?" ಎಂದು ಚಿಕ್ಕಮ್ಮನ ಮಗಳನ್ನು ಕೇಳಿದೆ.

"ಬಸ್‌ಸ್ಟ್ಯಾಂಡ್ ಹತ್ರ ಪಾರ್ಲರ್ ಇಟ್ಕೊಂಡವ್ರಲ್ಲ, ಗುಬ್ಬಿ ಆಂಟಿ. ಹಚ್ಚೋಕ್ ಶುರು ಮಾಡಿ ನಾಲ್ಕ್ ದಿನ ಆಯ್ತು ಕಣಕ್ಕಾ. ದೊಡ್ಡಮ್ಮ ಸ್ಟೇಟಸ್‌ಗೆ ಹಾಕಿದ್ರಲ್ಲ ನಿನ್ ಡಿಗ್ರಿ ಫೋಟೊ, ಅದನ್ನೇ ಎಲ್ರಿಗೂ ತೋರಿಸ್ತಾರೆ. 'ನಮ್ಮುಡುಗಿ, ನನ್ ಕ್ರೀಮಿಂದಾನೇ ಹಿಂಗಾಗಿದ್ದು' ಅಂತಾರೆ."

ಡಬ್ಬಿಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ಯುವುದಾಗಿ ಚಿಕ್ಕಮ್ಮನಿಗೆ ಹೇಳಿದೆ.

ಗದ್ದ ಹಿಡಿದು ಮುಖ ನೋಡಿದವರು ಆಂಟಿಯ ನಂತರ ಯಾರೂ ಇಲ್ಲ. ಪ್ರೀತಿಯಿಂದ ಯಾರಾದರೂ ಕೈ ಚಾಚಿದರೂ ಈಗ ಹಿಂದೆ ಸರಿಯುತ್ತೇನೆ. ಉರಿಯನ್ನಾದರೂ ಕ್ಷಮಿಸಬಹುದೇನೋ, ಇದನ್ನು ಮಾತ್ರ ಆಗದು.

ಚಿಕಿತ್ಸೆ ಶುರುವಾದ ದಿನ ಆಸ್ಪತ್ರೆಯಲ್ಲಿ ತೆಗೆದ ಒಂದು ಫೋಟೊ ನನ್ನ ಫೋನಿನಲ್ಲಿದೆ. ಅಮ್ಮನಿಗೂ ತೋರಿಸಿರಲಿಲ್ಲ. ಡಬ್ಬಿ ಕಂಡ ಮರುದಿನ ಬೆಳಿಗ್ಗೆ ಕುಣಿಗಲ್ಲಿನ ಆ ಪಾರ್ಲರಿಗೆ ಹೋದೆ. ಬೆಂಚಿನ ಮೇಲೆ ಐವರು ಹೆಂಗಸರಿದ್ದರು.

"ಅಯ್ಯೋ, ಬಾರೇ ಪುಟ್ಟಿ! ನೋಡ್ರಮ್ಮಾ, ನಾನ್ ಹೇಳ್ತಿದ್ನಲ್ಲ, ಇವ್ಳೇ!" ಎಂದು ಆಂಟಿ ಎದ್ದರು.

ನಾನು ಅವರತ್ತ ತಿರುಗಲಿಲ್ಲ. ಫೋನನ್ನು ಬೆಂಚಿನ ತುದಿಯಲ್ಲಿದ್ದವಳ ಕೈಗೆ ಕೊಟ್ಟು, "ಇದೂ ನಾನೇ. ಇವರ ಕ್ರೀಮು ಮೂರು ತಿಂಗಳು ಹಚ್ಚಿದ ಮೇಲೆ" ಎಂದೆ. ಅವಳು ನೋಡಿ ಪಕ್ಕದವಳಿಗೆ ದಾಟಿಸಿದಳು. ಐದನೆಯವಳು ನೋಡಿ ಮುಗಿಸುವವರೆಗೂ ಅಲ್ಲೇ ನಿಂತಿದ್ದೆ.